ಬೀಗ ತೆರೆದವರು, ದಾರಿ ಸುಗಮಗೊಳಿಸಿದವರು

ಕೊಂಡ ವಸ್ತುವಿನ ಒಡೆಯರು ಯಾರು? ಹಣ ತೆತ್ತವರೇ, ತಯಾರಿಸಿದ ಕಂಪೆನಿಯೇ? ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳ ಚರಿತ್ರೆಯನ್ನು ತಿರುವಿ ಹಾಕಿದರೆ ನಮಗೆ ಎದುರಾಗುವುದು ಇದೇ ಪ್ರಶ್ನೆ.

ಕನ್ಸೋಲಿನೊಳಗೆ ಕಾಯಂ ಆಗಿ ಕುಳಿತು ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಕಂಪೆನಿಯ ಮುದ್ರೆಯಿಲ್ಲದ ಪ್ರೋಗ್ರಾಮ್‌ಗಳನ್ನು ಅದು ಒಳಗೆ ಬಿಡುವುದಿಲ್ಲ. ಈ ಕಾವಲನ್ನು ಸಡಿಲಿಸಲು ಹೊರಗಿನವರು ತಿದ್ದಿ ರೂಪಿಸಿದ್ದು ಕಸ್ಟಮ್ ಫರ್ಮ್‌ವೇರ್.

ಸೋನಿಯ ಪಿಎಸ್‌ಪಿ 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಅದರ 1.00 ಆವೃತ್ತಿಯಲ್ಲಿ ಈ ಕಾವಲು ಇರಲಿಲ್ಲ. ಮರುವರ್ಷದ 1.50 ಆವೃತ್ತಿಗೆ ಬೀಗ ಬಿತ್ತು. ಅದನ್ನು ತೆರೆಯಲು ಮೊದಲಿಗೆ ಎರಡು ಮೆಮೊರಿ ಸ್ಟಿಕ್‌ಗಳನ್ನು ಸರಿಯಾದ ಕ್ಷಣದಲ್ಲಿ ಅದಲುಬದಲು ಮಾಡುವ ಕಸರತ್ತು ಬೇಕಿತ್ತು. 2006ರಲ್ಲಿ ಡಾರ್ಕ್ ಅಲೆಕ್ಸ್ ಎಂಬ ಗುಪ್ತನಾಮದ ಪ್ರೋಗ್ರಾಮರ್ ಹೊರತಂದ ಕಸ್ಟಮ್ ಫರ್ಮ್‌ವೇರ್ ಬಳಕೆಯನ್ನು ಬಹಳ ಹಗುರಗೊಳಿಸಿತು. ಆದರೆ ಅಳವಡಿಸುವಾಗ ನಡುವೆ ವಿದ್ಯುತ್ ಕೈಕೊಟ್ಟರೆ ಯಂತ್ರ ಇಟ್ಟಿಗೆಗೆ ಸಮಾನ. 2007ರ 'ಪಂಡೋರಾ ಬ್ಯಾಟರಿ' ಆ ಭಯವನ್ನು ನೀಗಿಸಿತು. ಬ್ಯಾಟರಿಯೊಳಗಿನ ಕ್ರಮಸಂಖ್ಯೆಯನ್ನು ಬದಲಿಸಿದರೆ ಯಂತ್ರವು ರಿಪೇರಿಗೆಂದು ಮೀಸಲಾದ ಸ್ಥಿತಿಯಲ್ಲಿ ಎಚ್ಚರಗೊಂಡು ಮೆಮೊರಿ ಸ್ಟಿಕ್‌ನಿಂದಲೇ ಮರುಜೀವ ಪಡೆಯುತ್ತಿತ್ತು. 2008ರ ಪಿಎಸ್‌ಪಿ-3000 ಮಾದರಿಯಲ್ಲಿ ಆ ದಾರಿ ಮುಚ್ಚಿತು. ಅದಕ್ಕೆಂದು ಬಂದ ಕಸ್ಟಮ್ ಫರ್ಮ್‌ವೇರ್ ಯಂತ್ರ ಪೂರ್ತಿ ಆರಿದೊಡನೆ ಮಾಯ. ಪ್ರತಿಸಲವೂ ಮತ್ತೆ ಚಾಲೂ ಮಾಡಬೇಕಿತ್ತು.

ನಿಂಟೆಂಡೊದ 3ಡಿಎಸ್ 2011ರಲ್ಲಿ ಬಂತು. 2014ರಲ್ಲಿ ಅದಕ್ಕೆ ಸಿಕ್ಕಿದ ಕೀಲಿ 'ಕ್ಯೂಬಿಕ್ ನಿಂಜಾ' ಎಂಬ ಒಂದು ಆಟದ ಕಾರ್ಟ್ರಿಜ್. ಯಾರಿಗೂ ಬೇಡವಾಗಿದ್ದ ಆಟಕ್ಕೆ ದಿಢೀರನೆ ಬೆಲೆಯೇರಿತು. 2016ರ ವಿಧಾನಕ್ಕೆ ಯಂತ್ರವನ್ನು ಹಳೆಯ 2.1 ಆವೃತ್ತಿಗೆ ಇಳಿಸುವ ಅಪಾಯದ ಹಾದಿ ಹಿಡಿಯಬೇಕಿತ್ತು. 2017ರ 'ಬೂಟ್9ಸ್ಟ್ರಾಪ್' ಈ ತೊಡಕನ್ನು ತಪ್ಪಿಸಿತು. ಅದು ಬಳಸಿದ್ದು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಅಚ್ಚಾದ ದೋಷವನ್ನು. ಆ ದೋಷವನ್ನು ಯಾವ ಅಪ್‌ಡೇಟೂ ಅಳಿಸಲಾರದು. ಅದರ ಮೇಲೆ ನಡೆಯುವ 'ಲೂಮಾ3ಡಿಎಸ್' ಯಂತ್ರ ಹೊತ್ತಿದಾಗಲೆಲ್ಲ ತಾನಾಗಿ ಏಳುತ್ತದೆ.

ಎರಡನ್ನೂ ತೂಗಿ ನೋಡಿದರೆ, ಸುಲಭವೆಂಬುದು ಮೆನುವಿನ ಅಂದದಲ್ಲಿಲ್ಲ. ತಪ್ಪು ಮಾಡಿದವನಿಗೆ ಮರಳಿ ಬರುವ ದಾರಿಯಿದೆಯೇ ಎಂಬುದೇ ನಿಜವಾದ ಅಳತೆ.

ಆದರೆ ಸುಲಭಕ್ಕೆ ಇನ್ನೊಂದು ಮುಖವಿದೆ. ದಾರಿ ಅಗಲವಾದಂತೆ ಕಳ್ಳಪ್ರತಿಗಳೂ ಅದೇ ದಾರಿಯಲ್ಲಿ ನಡೆದವು. ಆಟ ಕಟ್ಟಿದವರ ಬೆವರಿಗೆ ಬೆಲೆ ಕೊಡದ ಸ್ವಾತಂತ್ರ್ಯವನ್ನು ನಾವು ಸ್ವಾತಂತ್ರ್ಯವೆನ್ನಲಾರೆವು. ಹಾಗೆಂದು ಕಂಪೆನಿಗಳ ಮಾತನ್ನಷ್ಟೇ ನಂಬುವುದೂ ನ್ಯಾಯವಲ್ಲ. 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ 2023ರ ಮಾರ್ಚ್‌ನಲ್ಲಿ ನಿಂತಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಇಂದು ಹೊಸದಾಗಿ ಕೊಳ್ಳಲು ಆ ಬಾಗಿಲೇ ಇಲ್ಲ. ಮಾರುವವನು ಮಳಿಗೆ ಮುಚ್ಚಿ ಹೋದ ಮೇಲೆ ನೆನಪುಗಳನ್ನು ಕಾಯುವವರು ಯಾರು? ಕಾನೂನು ಇದಕ್ಕೆ ಉತ್ತರ ಹುಡುಕಬೇಕು. ಇಲ್ಲವಾದರೆ ಬೀಗ ಮುರಿಯುವವರೇ ಗ್ರಂಥಪಾಲಕರಾಗುವ ವಿಚಿತ್ರ ಕಾಲವನ್ನು ನಾವು ಒಪ್ಪಿಕೊಳ್ಳಬೇಕಾದೀತು.