ಗರ್ಭದಲ್ಲಿ ಕೂಸಿನ ಒದೆತ ಮತ್ತು ಸೊಂಟದ ಕೀಲಿನ ಬೆಳವಣಿಗೆ

ಐದನೇ ತಿಂಗಳ ಹೊತ್ತಿಗೆ ಹೊಟ್ಟೆಯಲ್ಲಿ ಕೂಸು ಮಿಸುಕತೊಡಗಿದರೆ ಮನೆಮಂದಿಗೆಲ್ಲ ಸಂತೋಷ. ಕೂಸು ಚೆನ್ನಾಗಿದೆ ಎಂಬುದಕ್ಕೆ ಅದೊಂದು ಗುರುತು. ಆದರೆ ಆ ಒದೆತಕ್ಕೆ ಇನ್ನೊಂದು ಕೆಲಸವೂ ಇದೆ. ಕೂಸಿನ ಎಲುಬು ಮತ್ತು ಕೀಲುಗಳಿಗೆ, ಅದರಲ್ಲೂ ಸೊಂಟದ ಕೀಲಿಗೆ, ಸರಿಯಾದ ಆಕಾರ ಬರಲು ಈ ಚಲನೆ ಬೇಕು. ಗರ್ಭದಲ್ಲಿ ಕಾಲಾಡಿಸಲು ಸಾಕಷ್ಟು ಜಾಗ ಸಿಗದ ಮಕ್ಕಳಲ್ಲಿ ಈ ಕೀಲು ಸಡಿಲವಾಗಿ ಉಳಿಯುವ ಸಂಭವ ಹೆಚ್ಚು. ಮೊದಲ ವಾರಗಳಲ್ಲೇ ಪತ್ತೆಯಾದರೆ ಪಟ್ಟಿ ಕಟ್ಟಿ ಸರಿಪಡಿಸಬಹುದು. ನಡೆಯುವ ವಯಸ್ಸಿನಲ್ಲಿ ಗೊತ್ತಾದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಕೀಲು ರೂಪುಗೊಳ್ಳುವ ಬಗೆ

ಸೊಂಟದ ಕೀಲಿನಲ್ಲಿ ಎರಡು ಭಾಗಗಳಿವೆ. ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ಗುಂಡು, ಸೊಂಟದ ಎಲುಬಿನಲ್ಲಿ ಅದು ಕೂರುವ ಬಟ್ಟಲು. ಆರಂಭದಲ್ಲಿ ಇವೆರಡೂ ಬೇರೆ ಬೇರೆಯಾಗಿ ಇರುವುದಿಲ್ಲ. ಒಂದೇ ಮುದ್ದೆಯಾಗಿರುವ ಜೀವಕೋಶಗಳ ನಡುವೆ ಸುಮಾರು ಏಳನೇ ವಾರದಲ್ಲಿ ಸೀಳು ಮೂಡುತ್ತದೆ. ಸುಮಾರು ಹನ್ನೊಂದನೇ ವಾರಕ್ಕೆ ಗುಂಡು ಮತ್ತು ಬಟ್ಟಲು ಬೇರೆಯಾಗಿ ಕೀಲು ತಯಾರಾಗುತ್ತದೆ.

ಕೂಸಿನ ಚಲನೆಯೂ ಎರಡನೇ ತಿಂಗಳ ಕೊನೆಯ ಹೊತ್ತಿಗೇ ಶುರುವಾಗುತ್ತದೆ. ಆಗ ಕೂಸು ತೀರಾ ಚಿಕ್ಕದಾದ್ದರಿಂದ ತಾಯಿಗೆ ತಿಳಿಯುವುದಿಲ್ಲ. ಸಾಮಾನ್ಯವಾಗಿ 16ರಿಂದ 20 ವಾರಗಳ ನಡುವೆ ಅದು ತಾಯಿಯ ಅರಿವಿಗೆ ಬರುತ್ತದೆ.

ಆರಂಭದಲ್ಲಿ ಬಟ್ಟಲು ಆಳವಾಗಿದ್ದು ಗುಂಡನ್ನು ಚೆನ್ನಾಗಿ ಹಿಡಿದುಕೊಂಡಿರುತ್ತದೆ. ತಿಂಗಳು ತುಂಬುತ್ತ ಬಂದಂತೆ ಆಳ ಕಡಿಮೆಯಾಗುತ್ತದೆ. ಹೆರಿಗೆಯ ಹೊತ್ತಿನಲ್ಲಿ ಅದು ಅತ್ಯಂತ ಕಡಿಮೆ ಆಳದಲ್ಲಿದ್ದು, ಹುಟ್ಟಿದ ಮೇಲೆ ಮತ್ತೆ ಆಳವಾಗುತ್ತದೆ. ಆದ್ದರಿಂದ ಗರ್ಭದ ಕೊನೆಯ ವಾರಗಳು ಮತ್ತು ಹುಟ್ಟಿದ ಮೊದಲ ತಿಂಗಳುಗಳು ಈ ಕೀಲಿನ ಮಟ್ಟಿಗೆ ನಾಜೂಕಿನ ಕಾಲ.

ಒದೆತ ಮಾಡುವ ಕೆಲಸ

ಆಗ ಈ ಕೀಲು ಇನ್ನೂ ಗಟ್ಟಿ ಮೂಳೆಯಾಗಿರುವುದಿಲ್ಲ, ಬಹುಪಾಲು ಮೆತ್ತನೆಯ ಮೃದ್ವಸ್ಥಿ. ಕೂಸು ಕಾಲು ಮಡಚಿ ಗರ್ಭಕೋಶದ ಗೋಡೆಗೆ ಒದ್ದಾಗ ಗುಂಡು ಬಟ್ಟಲಿನೊಳಗೆ ಒತ್ತಿ ತಿರುಗುತ್ತದೆ. ಆ ಒತ್ತಡಕ್ಕೆ ತಕ್ಕಂತೆ ಜೀವಕೋಶಗಳು ಬೆಳೆದು ಬಟ್ಟಲು ಗುಂಡಿಗೆ ಒಪ್ಪುವ ಹಾಗೆ ರೂಪುಗೊಳ್ಳುತ್ತದೆ.

ಚಲನೆ ಪೂರ್ತಿ ನಿಂತರೆ ಏನಾಗುತ್ತದೆ ಎಂಬುದು ಕೋಳಿಮೊಟ್ಟೆಯ ಪ್ರಯೋಗಗಳಿಂದ ತಿಳಿದಿದೆ. 1966ರಲ್ಲಿ ಪ್ರಕಟವಾದ ಡ್ರಾಕ್‌ಮನ್ ಮತ್ತು ಸೊಕೊಲೊಫ್ ಅವರ ಅಧ್ಯಯನದಲ್ಲಿ ಮೊಟ್ಟೆಯೊಳಗಿನ ಮರಿಯ ಸ್ನಾಯುಗಳು ಆಡದಂತೆ ಔಷಧಿ ಕೊಡಲಾಯಿತು. ಆ ಮರಿಗಳಲ್ಲಿ ಕೀಲುಗಳು ಸರಿಯಾಗಿ ಬಿಡಿಸಿಕೊಳ್ಳಲೇ ಇಲ್ಲ.

ಮನುಷ್ಯ ಶಿಶುವಿನ ಒದೆತದ ಬಲವನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಎಂಆರ್‌ಐ ಚಿತ್ರಗಳು ಮತ್ತು ಕಂಪ್ಯೂಟರ್ ನೆರವಿನಿಂದ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. 20ನೇ ವಾರದಲ್ಲಿ ಅದು ಸುಮಾರು 29 ನ್ಯೂಟನ್, ಅಂದರೆ ಮೂರು ಕಿಲೋ ತೂಕ ಒತ್ತಿದಷ್ಟು. 30ನೇ ವಾರದಲ್ಲಿ 47 ನ್ಯೂಟನ್‌ಗೆ ಏರುತ್ತದೆ. 35ನೇ ವಾರಕ್ಕೆ ಜಾಗ ಇಕ್ಕಟ್ಟಾಗಿ 17 ನ್ಯೂಟನ್‌ಗೆ ಇಳಿಯುತ್ತದೆ. ಅದೇ ತಂಡದ ಇನ್ನೊಂದು ಅಧ್ಯಯನದ ಪ್ರಕಾರ, ಪೃಷ್ಠ ಕೆಳಗಾಗಿ ಕುಳಿತ ಕೂಸುಗಳ ಒದೆತಕ್ಕೆ ಬಲ ಕಡಿಮೆ. ಇಂಥ ಕೂಸುಗಳಲ್ಲೂ ಗರ್ಭದ ನೀರು ಕಡಿಮೆ ಇದ್ದ ಕೂಸುಗಳಲ್ಲೂ ಸೊಂಟದ ಕೀಲಿಗೆ ಸಿಗುವ ಒತ್ತಡ ಕಡಿಮೆ.

ಯಾವ ಮಕ್ಕಳಲ್ಲಿ ಎಚ್ಚರ ಬೇಕು

ಬಟ್ಟಲು ಆಳವಾಗದಿರುವುದು, ಗುಂಡು ಸಡಿಲವಾಗಿರುವುದು ಅಥವಾ ಜಾಗ ತಪ್ಪಿರುವುದು, ಇವೆಲ್ಲಕ್ಕೂ ಸೇರಿ ವೈದ್ಯರು ಡಿಡಿಎಚ್ ಎನ್ನುತ್ತಾರೆ. ಕೆಳಗಿನ ಸಂದರ್ಭಗಳಲ್ಲಿ ಇದರ ಸಂಭವ ಹೆಚ್ಚು.

- ತಲೆ ಮೇಲಾಗಿ, ಪೃಷ್ಠ ಕೆಳಗಾಗಿ ಕುಳಿತ ಕೂಸು. ಇದಕ್ಕೆ ಬ್ರೀಚ್ ಎಂದು ಹೆಸರು. ತಿಂಗಳು ತುಂಬಿದ ನೂರು ಬಸಿರುಗಳಲ್ಲಿ ಮೂರು ನಾಲ್ಕು ಹೀಗಿರುತ್ತವೆ. ಮೊಣಕಾಲು ನೇರವಾಗಿ ಚಾಚಿಕೊಂಡಿದ್ದರೆ ಅಪಾಯ ಇನ್ನೂ ಹೆಚ್ಚು.
- ತಂದೆ, ತಾಯಿ, ಅಕ್ಕ ಅಥವಾ ಅಣ್ಣನಿಗೆ ಇದೇ ತೊಂದರೆ ಇದ್ದ ಮನೆ.
- ಹೆಣ್ಣು ಮಗು. ಗಂಡು ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು ಕಾಣಿಸುತ್ತದೆ.
- ಚೊಚ್ಚಲ ಮಗು, ಗರ್ಭದ ನೀರು ಕಡಿಮೆ ಇದ್ದ ಬಸಿರು, ತೂಕ ಹೆಚ್ಚಿರುವ ಮಗು.

ಎಡಗಡೆಯ ಕೀಲಿನಲ್ಲಿ ಇದು ಹೆಚ್ಚು. ತಲೆ ಕೆಳಗಾದ ಬಹುಪಾಲು ಕೂಸುಗಳ ಎಡತೊಡೆ ತಾಯಿಯ ಬೆನ್ನೆಲುಬಿನ ಕಡೆಗೆ ಒತ್ತಿಕೊಂಡು, ಅಗಲವಾಗಲು ಜಾಗ ಸಿಗದಿರುವುದೇ ಕಾರಣ ಎಂದು ತಜ್ಞರು ಹೇಳುತ್ತಾರೆ.

ಸಿಸೇರಿಯನ್ ಆದ ಮಾತ್ರಕ್ಕೆ ಬ್ರೀಚ್ ಮಗುವಿನ ಅಪಾಯ ಪೂರ್ತಿ ಹೋಗುವುದಿಲ್ಲ. ತೊಂದರೆ ಹೆರಿಗೆಯಲ್ಲಿ ಆದದ್ದಲ್ಲ, ಗರ್ಭದಲ್ಲಿ ಕುಳಿತ ರೀತಿಯಿಂದ ಬಂದದ್ದು.

ತಾಯಿಯ ತಪ್ಪಲ್ಲ

ಬಸುರಿ ಹೊಲದಲ್ಲಿ ದುಡಿದದ್ದರಿಂದ, ಬಸ್ಸಿನಲ್ಲಿ ಓಡಾಡಿದ್ದರಿಂದ ಅಥವಾ ಗ್ರಹಣ ನೋಡಿದ್ದರಿಂದ ಮಗುವಿನ ಕೀಲು ಹೀಗಾಗುವುದಿಲ್ಲ. ಕೂಸು ಯಾವ ಕಡೆ ತಿರುಗಿ ಕೂರುತ್ತದೆ ಎಂಬುದು ತಾಯಿಯ ಕೈಯಲ್ಲಿಲ್ಲ. ಸೊಸೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಕೊನೆಯ ತಿಂಗಳುಗಳಲ್ಲಿ ಮಿಸುಕಾಟ ಎಂದಿಗಿಂತ ಕಡಿಮೆಯಾಯಿತು ಅನಿಸಿದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅದು ಕೀಲಿನ ವಿಷಯವಲ್ಲ, ಕೂಸಿನ ಜೀವದ ವಿಷಯ.

ಮನೆಯಲ್ಲಿ ಗಮನಿಸಬೇಕಾದದ್ದು

ಈ ತೊಂದರೆಯಿಂದ ಎಳೆಮಗುವಿಗೆ ನೋವಾಗುವುದಿಲ್ಲ, ಮಗು ಅಳುವುದಿಲ್ಲ. ಆದ್ದರಿಂದಲೇ ಅದು ಕಣ್ಣು ತಪ್ಪುತ್ತದೆ. ಬಟ್ಟೆ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗದಿರುವುದು, ಮಂಡಿ ಮಡಚಿ ಮಲಗಿಸಿದಾಗ ಒಂದು ಮಂಡಿ ಕೆಳಗಿರುವುದು, ಎರಡು ತೊಡೆಗಳ ನೆರಿಗೆ ಬೇರೆ ಬೇರೆಯಾಗಿರುವುದು ಗುರುತುಗಳು. ನಡೆಯತೊಡಗಿದ ಮೇಲೆ ಕುಂಟುವುದು ಅಥವಾ ಬಾತುಕೋಳಿಯಂತೆ ಓಲಾಡುವುದು ತಡವಾಗಿ ಕಾಣುವ ಗುರುತು.

ವೈದ್ಯರು ಮಗುವಿನ ತೊಡೆಗಳನ್ನು ಮೆಲ್ಲನೆ ಅಗಲಿಸಿ ಪರೀಕ್ಷಿಸುತ್ತಾರೆ. ಬ್ರೀಚ್ ಆಗಿದ್ದ ಮಗುವಿಗೆ ಈ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಸುಮಾರು ಆರು ವಾರಕ್ಕೆ ಅಲ್ಟ್ರಾಸೌಂಡ್ ಮಾಡಿಸುವುದು ಒಳ್ಳೆಯದು. ಗುಂಡು ಮೂಳೆಯಾಗಿ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು.

ಚಿಕಿತ್ಸೆ

ಹುಟ್ಟುವಾಗ ಸ್ವಲ್ಪ ಸಡಿಲವಿದ್ದ ಕೀಲುಗಳಲ್ಲಿ ಹೆಚ್ಚಿನವು ಮೊದಲ ವಾರಗಳಲ್ಲಿ ತಾವಾಗಿ ಬಿಗಿಯಾಗುತ್ತವೆ. ಆಗದಿದ್ದರೆ ಆರು ತಿಂಗಳೊಳಗಿನ ಮಗುವಿಗೆ ಪಾವ್ಲಿಕ್ ಪಟ್ಟಿ ಹಾಕುತ್ತಾರೆ. ಇದು ಮೊಣಕಾಲು ಮಡಚಿ, ತೊಡೆ ಅಗಲವಾಗಿ ಇರುವಂತೆ ಹಿಡಿಯುತ್ತದೆ. ಮಗು ಕಾಲಾಡಿಸಲು ಅಡ್ಡಿಯಿಲ್ಲ. ಗರ್ಭದಲ್ಲಿ ಒದೆತ ಮಾಡಬೇಕಿದ್ದ ಕೆಲಸವನ್ನು ಹೊರಗೆ ಮುಂದುವರಿಸಿದಂತೆಯೇ ಇದು. ಆರು ತಿಂಗಳು ದಾಟಿದರೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಕೀಲು ಕೂರಿಸಿ ಪ್ಲಾಸ್ಟರ್ ಹಾಕುತ್ತಾರೆ. ಒಂದೂವರೆ ವರ್ಷ ದಾಟಿದರೆ ಹೆಚ್ಚಾಗಿ ಶಸ್ತ್ರಚಿಕಿತ್ಸೆ. ಹಾಗೇ ಬಿಟ್ಟರೆ ಕುಂಟು ಉಳಿದು, ಪ್ರಾಯದಲ್ಲೇ ಕೀಲು ಸವೆಯುತ್ತದೆ.

ಬಟ್ಟೆ ಸುತ್ತುವ ರೀತಿ

ಎಣ್ಣೆ ನೀರು ಹಾಕಿದ ಮೇಲೆ ಮಗುವಿನ ಎರಡೂ ಕಾಲು ಜೋಡಿಸಿ, ನೇರ ಮಾಡಿ ಬಿಗಿಯಾಗಿ ಸುತ್ತುವುದು ಈ ಕೀಲಿಗೆ ಒಳ್ಳೆಯದಲ್ಲ. ಕಾಲು ನೀವುವಾಗ ಬಲವಂತವಾಗಿ ಎಳೆಯಬಾರದು. ಸುತ್ತುವುದಾದರೆ ಸೊಂಟದಿಂದ ಕೆಳಗೆ ಸಡಿಲ ಬಿಡಬೇಕು. ಜಪಾನಿನಲ್ಲಿ 1975ರ ಸುಮಾರಿಗೆ ಕಾಲು ನೇರ ಮಾಡಿ ಸುತ್ತಬೇಡಿ ಎಂಬ ಪ್ರಚಾರ ನಡೆದ ಮೇಲೆ ಕೀಲು ತಪ್ಪಿದ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ತಾಯಂದಿರು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಆಫ್ರಿಕಾದ ಮಲಾವಿಯಲ್ಲಿ ಈ ತೊಂದರೆ ಅಪರೂಪ. ಕತ್ತು ನಿಂತ ಮೇಲೆ ಮಗುವನ್ನು ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ರೂಢಿಯೂ ಕೀಲಿಗೆ ಅನುಕೂಲವೇ.

ಎಲ್ಲಿ ತೋರಿಸಬೇಕು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡಿಡಿಎಚ್ ಕೂಡ ಸೇರಿದೆ. ಇದು ಕೇಂದ್ರದ ಯೋಜನೆಯಾದ್ದರಿಂದ ಗಡಿಯ ಆಚೆ ಈಚೆ ಎಂಬ ಭೇದವಿಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಳಿಸಿದರೆ ಮುಂದಿನ ದಾರಿ ತೋರಿಸುತ್ತಾರೆ. ಆಸ್ಪತ್ರೆಯ ಚೀಟಿ ಮಲಯಾಳ, ತಮಿಳು, ಮರಾಠಿ, ತೆಲುಗು ಯಾವುದರಲ್ಲಿದ್ದರೂ ಬ್ರೀಚ್, ಡಿಡಿಎಚ್ ಎಂಬ ಎರಡು ಮಾತು ಎಲ್ಲ ಕಡೆಯ ವೈದ್ಯರಿಗೂ ಅರ್ಥವಾಗುತ್ತವೆ. ಹೆರಿಗೆಯಾದ ಊರು ಒಂದು, ಬಾಣಂತನದ ಊರು ಇನ್ನೊಂದು ಆಗಿದ್ದರೆ ತಾಯಿ ಕಾರ್ಡು ಮತ್ತು ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಮಗು ಬ್ರೀಚ್ ಆಗಿತ್ತು ಎಂಬುದನ್ನು ಮೊದಲ ಲಸಿಕೆಗೆ ಹೋದಾಗಲೇ ಬಾಯಿಬಿಟ್ಟು ಹೇಳಬೇಕು.