ನಮ್ಮನೆ ಕ್ವಾಲಿಸ್ ಕತೆ

ಹೋದ ವಾರ ನರಸೀಪುರದ ನಮ್ಮಕ್ಕ ಫೋನಲ್ಲಿ ಕೇಳುದ್ಲು, "ಆ ಹಳೇ ಕ್ವಾಲಿಸ್ನ ಇನ್ನೂ ಇಟ್ಕಂಡಿದ್ದೀರೇನೆ? ಮಾರ್ಬಾರ್ದಾ?" ಅಂತ. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೀತಿದೀನಿ ಕಣ್ರವ್ವಾ.

ನಾವು ಚಿಕ್ಕೋರಾಗಿದ್ದಾಗ ಮದುವೆಗೆ ಎತ್ತಿನಗಾಡಿ, ಇಲ್ದಿದ್ರೆ ಬಾಡಿಗೆ ಜೀಪು. 1994ರಲ್ಲಿ ಟಾಟಾ ಸುಮೋ ಬಂತು. ಅದು ಜಪಾನಿನ ಪೈಲ್ವಾನ್ರ ಹೆಸರು ಅಂತ್ಲೇ ನಾನು ತಿಳ್ಕಂಡಿದ್ದೆ. ಅಲ್ವಂತೆ, ಆ ಕಂಪ್ನಿಗೆ ಹಿರಿಯರಾಗಿದ್ದ ಸುಮಂತ್ ಮೂಲಗಾಂವ್ಕರ್ ಅವರ ಹೆಸರಿನ ಮೊದಲಕ್ಷರಗಳು. 2000ದಲ್ಲಿ ಕ್ವಾಲಿಸ್ ಬಂತು. ತಟ್ಟೆ ಇಡ್ಲಿಗೆ ಹೆಸರಾದ ಬಿಡದೀಲೇ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೇಲಿ ಅದನ್ನ ಮಾಡ್ತಿದ್ರು. ಇಂಡೋನೇಷ್ಯಾದಲ್ಲಿ ಅದೇ ಗಾಡಿಗೆ ಕಿಜಂಗ್ ಅಂತ ಹೆಸರು. ಕಿಜಂಗ್ ಅಂದ್ರೆ ನಮ್ ಬಂಡೀಪುರದ ಕಾಡುಕುರಿ ಜಾತಿ ಜಿಂಕೆ! 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದ್ರು.

ನಮ್ದು 2003ರ ಗಾಡಿ. ನಮ್ಮನೆಯವರು ಸೆಕೆಂಡ್ ಹ್ಯಾಂಡಲ್ಲಿ ತಗಂಡಿದ್ದು. ಇಂಜಿನ್ನು ಗಟ್ಟಿ, ಅದ್ರಲ್ಲಿ ಎರಡು ಮಾತಿಲ್ಲ. ಒಳಗಿರೋ ಟೈಮಿಂಗ್ ಬೆಲ್ಟ್ ಮಾತ್ರ ಲಕ್ಷ ಕಿಲೋಮೀಟರಿಗೊಂದ್ಸಲ ಬದಲಾಯಿಸ್ಬೇಕು. ಅದು ರಬ್ಬರು. ಓಡ್ತಾ ಓಡ್ತಾ ಕಿತ್ರೆ ಇಂಜಿನ್ನೇ ಕೆಟ್ಟೋಯ್ತದೆ.

ಗಾಡಿ ಗಟ್ಟಿ ಅನ್ನೋ ಧೈರ್ಯವೇ ನಮಗೆ ಮುಳುವಾಯ್ತು. ಮಾದಪ್ಪನ ಬೆಟ್ಟಕ್ಕೆ ಹೋಗಿ ತಾಳುಬೆಟ್ಟದ ಕಡೆ ಇಳೀತಿದ್ದೊ. ಡೀಸೆಲ್ ಉಳೀಲಿ ಅಂತ ನಮ್ಮನೆಯವರು ನ್ಯೂಟ್ರಲ್‌ನಲ್ಲಿ ಬಿಟ್ಟಿದ್ರು. ಮೊದಲು ಸುಟ್ಟ ವಾಸನೆ ಬಂತು. "ಏನ್ರೀ ಇದು?" ಅಂದೆ. "ಬೇರೆ ಲಾರೀದು ಸುಮ್ನಿರೆ" ಅಂದ್ರು. ಮುಂದಿನ ತಿರುವಲ್ಲಿ ಬ್ರೇಕು ತುಳುದ್ರೆ ಮೆತ್ತಗೆ ತಳಕ್ಕೇ ಹೋಯ್ತು. ಹಿಂದಿನ ಅಡ್ಡ ಸೀಟಲ್ಲಿ ನಮ್ ಮೊಮ್ಮಗು ನಿದ್ದೆ ಮಾಡ್ತಿತ್ತು ಕಣ್ರವ್ವಾ. ಗೇರು ಹಾಕಿ, ಹ್ಯಾಂಡ್‌ಬ್ರೇಕು ಎಳ್ದು, ಬೆಟ್ಟದ ಕಡೆ ಮಣ್ಣಿಗೆ ತಾಗಿಸಿ ನಿಲ್ಸುದ್ರು. ಆಮೇಲೆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಮೆಕ್ಯಾನಿಕ್ಕು ತಿಳಿಸಿ ಹೇಳಿದ. ಬ್ರೇಕ್ ಆಯಿಲ್ಲು ಮುಚ್ಚಳ ತೆಗ್ದಿಟ್ಟ ಉಪ್ಪಿನಂಗೆ, ಗಾಳೀಲಿರೋ ತೇವ ಎಳ್ಕತದೆ. ಇಳಿಜಾರಲ್ಲಿ ಸುಮ್ನೆ ಬ್ರೇಕು ತುಳೀತಿದ್ರೆ ಕಾದು, ಆ ನೀರು ಕುದ್ದು ಆವಿ ಆಯ್ತದೆ, ಒತ್ತಡ ಚಕ್ರಕ್ಕೆ ಮುಟ್ಟಲ್ಲ. ಎರಡು ವರ್ಷಕ್ಕೆ ಬದಲಾಯಿಸ್ಬೇಕಾದ ಆಯಿಲ್ನ ನಾವು ಐದು ವರ್ಷ ಮುಟ್ಟಿರ್ಲಿಲ್ಲ. ತಪ್ಪು ನಮ್ದೇ. ಈಗ ಗ್ಯಾಸ್ ಬುಕ್ ಮಾಡೋ ಕ್ಯಾಲೆಂಡರಲ್ಲೇ ಅದನ್ನೂ ಬರ್ದಿಟ್ಟಿದೀನಿ. ಯಾವ ಗೇರಲ್ಲಿ ಹತ್ತುದ್ರೋ ಅದೇ ಗೇರಲ್ಲಿ ಇಳೀಬೇಕು ಅಂತಾನೂ ಅವನೇ ಹೇಳಿದ್ದು.

ಟೈರಿನ ಪಕ್ಕ ನಾಕು ಅಂಕಿ ಇರ್ತವೆ, ನೀವೇ ಹೋಗಿ ನೋಡ್ಬೋದು. 2317 ಅಂದ್ರೆ 2017ರ 23ನೇ ವಾರ ಮಾಡಿದ್ದು. ನಮ್ ಟೈರು ನೋಡಕ್ಕೆ ಹೊಸದಂಗಿತ್ತು, ವಯಸ್ಸು ಹತ್ತು ವರ್ಷ!

ಹದಿನೈದು ವರ್ಷ ಆದ್ಮೇಲೆ ಐದೈದು ವರ್ಷಕ್ಕೊಂದ್ಸಲ ಆರ್‌ಟಿಓದಲ್ಲಿ ತೋರಿಸಿ ರಿನ್ಯೂವಲ್ ಮಾಡಿಸ್ಬೇಕು. ಮಾಡ್ಸಿದೀವಿ. ಆದ್ರೆ ಕಾಗದ ಸರಿ ಇದ್ರೆ ಏರ್‌ಬ್ಯಾಗು ಬಂದ್ಬುಡ್ತದಾ? ನಮ್ ಗಾಡೀಲಿ ಅದಿಲ್ಲ, ಅಡ್ಡ ಸೀಟಿಗೆ ಬೆಲ್ಟೂ ಇಲ್ಲ. 2023ರ ಮೇ 29ಕ್ಕೆ ನರಸೀಪುರದ ಹತ್ರ ಕುರುಬೂರಲ್ಲಿ ಬಸ್ಸೂ ಇನ್ನೋವಾನೂ ಗುದ್ದಿ ಕಾರಲ್ಲಿದ್ದ 10 ಜನ ಹೋದ್ರಲ್ಲ, ಆ ದಾರೀಲೇ ನಾವು ಅಕ್ಕನ ಮನೆಗೆ ಹೋಗೋದು.

ಗಾಡಿ ಮಾರಕ್ಕೆ ನಮ್ಮನೆಯವರಿಗೆ ಇನ್ನೂ ಮನಸಿಲ್ಲ. ಅಡ್ಡ ಸೀಟು ಮಾತ್ರ ನಾನೇ ಬಿಚ್ಚಿಸಿ ಅಟ್ಟಕ್ಕೆ ಹಾಕ್ಸಿದೆ. ಕಾರ್ತೀಕಕ್ಕೆ ನರಸೀಪುರಕ್ಕೆ ಬತ್ತೀವಿ ಅಂತ ಅಕ್ಕನಿಗೆ ಹೇಳಿದೀನಿ, ಗಾಡೀಲಿ ಐದೇ ಜನ, ಮಿಕ್ಕೋರು ಬಸ್ಸಲ್ಲಿ.