ಲಿನಕ್ಸ್ ಲ್ಯಾಪ್‌ಟಾಪಿನ ಮೂಕ ಮೈಕು

ಸ್ಪೀಕರ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ವಿಡಿಯೋ ಕರೆಯಲ್ಲಿ ಮುಖವೂ ಕಾಣುತ್ತದೆ, ಆಡಿದ ಮಾತು ಮಾತ್ರ ಆಚೆ ಕಡೆಯವರಿಗೆ ತಲುಪುವುದಿಲ್ಲ. ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಹಳೆಯ ತೊಂದರೆ. ಇದರ ಚರಿತ್ರೆ ನೋಡಿದರೆ ಮೈಕೇ ಕೆಟ್ಟಿದ್ದು ಅಪರೂಪ. ಅದನ್ನು ಯಾವ ತಂತಿಗೆ ಜೋಡಿಸಿದ್ದಾರೆ ಎಂಬ ಸಂಗತಿ ಲಿನಕ್ಸ್‌ಗೆ ಗೊತ್ತಾಗದೆ ಹೋದದ್ದೇ ಹೆಚ್ಚು.

ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರತಂದರು. ಮರುವರ್ಷವೇ ಫಿನ್ಲೆಂಡಿನವರೇ ಆದ ಹನ್ನು ಸಾವೊಲೈನೆನ್ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಡ್ರೈವರ್ ಬರೆದರು. ಅದೇ ಬೆಳೆದು ಓಎಸ್‌ಎಸ್ ಎಂಬ ಧ್ವನಿ ವ್ಯವಸ್ಥೆಯಾಯಿತು. ಆಗ ಬಹುಪಾಲು ಕಾರ್ಡುಗಳಲ್ಲಿ ಒಂದು ಪ್ರೋಗ್ರಾಂ ಧ್ವನಿ ಸಾಧನವನ್ನು ಹಿಡಿದುಕೊಂಡರೆ ಇನ್ನೊಂದಕ್ಕೆ ಜಾಗವಿರಲಿಲ್ಲ.

1998ರ ಹೊತ್ತಿಗೆ ಝೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿಗಾಗಿ ಬರೆಯುತ್ತಿದ್ದ ಡ್ರೈವರ್‌ನಿಂದ ಆಲ್ಸಾ ಎಂಬ ಇನ್ನೊಂದು ಧ್ವನಿ ವ್ಯವಸ್ಥೆ ಹುಟ್ಟಿತು. 2003ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್‌ನ ತಿರುಳಾದ 2.6 ಕರ್ನಲ್‌ನಲ್ಲಿ ಓಎಸ್‌ಎಸ್‌ನ ಜಾಗಕ್ಕೆ ಅದೇ ಬಂತು. ಆಲ್ಸಾ ತನ್ನ ಚಾನೆಲ್‌ಗಳನ್ನೆಲ್ಲ ಮ್ಯೂಟ್ ಮಾಡಿಯೇ ಶುರುವಾಗುತ್ತಿತ್ತು. ಹೀಗಾಗಿ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದು, ಎಫ್4 ಒತ್ತಿ ರೆಕಾರ್ಡಿಂಗ್ ಪಟ್ಟಿಗೆ ಹೋಗಿ, ಸ್ಪೇಸ್ ಕೀ ಒತ್ತಿ ‘ಕ್ಯಾಪ್ಚರ್’ ಎಂಬ ಅಕ್ಷರ ಮೂಡಿಸುವುದು ಲಿನಕ್ಸ್ ಬಳಸುವವರ ಮೊದಲ ಪಾಠವಾಯಿತು. ಇವತ್ತಿಗೂ ಮೊದಲು ನೋಡಬೇಕಾದ ಜಾಗ ಅದೇ.

ನಿಜವಾದ ಗೋಜಲು ಶುರುವಾದದ್ದು 2004ರಲ್ಲಿ, ಇಂಟೆಲ್‌ನ ಎಚ್‌ಡಿ ಆಡಿಯೋ ಎಂಬ ಮಾನದಂಡ ಬಂದ ಮೇಲೆ. ಕಂಟ್ರೋಲರ್‌ನ ರೀತಿ ಎಲ್ಲ ಕಡೆ ಒಂದೇ. ಆದರೆ ಅದರ ಆಚೆಗಿನ, ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಕೋಡೆಕ್ ಚಿಪ್ ಒಂದು ಲ್ಯಾಪ್‌ಟಾಪ್‌ನಲ್ಲಿ ರಿಯಲ್‌ಟೆಕ್‌ನದು, ಇನ್ನೊಂದರಲ್ಲಿ ಕೊನೆಕ್ಸಂಟ್‌ನದು. ಚಿಪ್ಪಿನ ಯಾವ ಪಿನ್ನಿಗೆ ಹೆಡ್‌ಫೋನ್, ಯಾವುದಕ್ಕೆ ಮೈಕು ಎಂಬ ವಿವರವನ್ನು ತಯಾರಕರು ಬಯೋಸ್‌ನಲ್ಲಿ ಬರೆದಿಡಬೇಕು. ಹಲವರು ತಪ್ಪು ಬರೆದರು. ವಿಂಡೋಸ್‌ಗೆ ತಮ್ಮದೇ ಡ್ರೈವರ್ ಕೊಡುತ್ತಿದ್ದುದರಿಂದ ಆ ತಪ್ಪು ಅಲ್ಲಿ ಬಯಲಾಗುತ್ತಿರಲಿಲ್ಲ. ಲಿನಕ್ಸ್‌ನಲ್ಲಿ ಅದನ್ನು ತಿದ್ದುವ ಭಾರ ಸೂಸೆ ಕಂಪನಿಯ ತಕಾಶಿ ಇವಾಯ್ ಮತ್ತು ಅವರ ಜೊತೆಗಾರರ ಮೇಲೆ ಬಿತ್ತು. ಕರ್ನಲ್ಲಿನ ರಿಯಲ್‌ಟೆಕ್ ಕೋಡಿನಲ್ಲಿ ಒಂದೊಂದು ಮಾಡೆಲ್‌ಗೂ ಒಂದೊಂದು ಸಾಲಿನ ಪಟ್ಟಿ ಬೆಳೆಯುತ್ತ ಹೋಯಿತು. ಲಿನಕ್ಸ್ ಧ್ವನಿಯ ಚರಿತ್ರೆಯಲ್ಲಿ ಇದಕ್ಕಿಂತ ತಾಳ್ಮೆಯ ಕೆಲಸ ಇನ್ನೊಂದಿಲ್ಲ.

ಈ ನಡುವೆ ಆಲ್ಸಾದ ಮೇಲೆ ಕೂತು ಕೆಲಸ ಮಾಡುವ, ಲೆನ್ನಾರ್ಟ್ ಪಟ್ಟರಿಂಗ್ ಅವರ ಪಲ್ಸ್‌ಆಡಿಯೋ 2007ರಲ್ಲಿ ಫೆಡೋರಾಕ್ಕೂ 2008ರಲ್ಲಿ ಉಬುಂಟುವಿಗೂ ಬಂತು. ಅದರೊಂದಿಗೆ ಒಂದು ವಿಚಿತ್ರ ದೋಷವೂ ಹೊರಬಿತ್ತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಮೈಕಿನ ಧ್ವನಿ ಎಡ ಚಾನೆಲ್‌ನಲ್ಲಿ ನೇರವಾಗಿ, ಬಲ ಚಾನೆಲ್‌ನಲ್ಲಿ ತಲೆಕೆಳಗಾಗಿ ಬರುತ್ತಿತ್ತು. ಕರೆಯ ಪ್ರೋಗ್ರಾಂಗೆ ಬೇಕಾದದ್ದು ಮೋನೋ. ಎರಡನ್ನೂ ಕೂಡಿಸಿದರೆ ಒಂದನ್ನೊಂದು ಕಳೆದು ಉಳಿಯುವುದು ಸೊನ್ನೆ! ಪರದೆಯ ಮೇಲೆ ಅಳತೆಪಟ್ಟಿ ಕುಣಿಯುತ್ತಿದೆ, ಆಚೆಯವರಿಗೆ ಒಂದಕ್ಷರವೂ ಕೇಳುತ್ತಿಲ್ಲ. ಪಲ್ಸ್‌ಆಡಿಯೋದ ಧ್ವನಿಮಟ್ಟ ತಿದ್ದುವ ಪಾವು ಕಂಟ್ರೋಲ್‌ನಲ್ಲಿ ಎರಡು ಚಾನೆಲ್‌ಗಳ ಬೀಗ ಬಿಡಿಸಿ ಬಲಗಡೆಯದನ್ನು ಪೂರ್ತಿ ಇಳಿಸಿದರೆ ಮಾತು ತಟ್ಟನೆ ಕೇಳುತ್ತಿತ್ತು. ಕಾರಣ ಹಿಡಿದ ಮೇಲೆ 2012ರ ಸುಮಾರಿಗೆ ಕರ್ನಲ್ಲಿನಲ್ಲೇ ಪರಿಹಾರ ಸೇರಿತು.

ಅಷ್ಟರಲ್ಲಿ ಯಂತ್ರಾಂಶ ಮತ್ತೆ ಬದಲಾಯಿತು. 2019ರ ಹೊತ್ತಿಗೆ ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೈಕು ಕೋಡೆಕ್ ಬಿಟ್ಟು ಡಿಜಿಟಲ್ ಆಗಿ ನೇರವಾಗಿ ಇಂಟೆಲ್ ಚಿಪ್‌ಸೆಟ್ಟಿಗೆ ಸೇರಿಕೊಂಡಿತು. ಹಳೆಯ ಡ್ರೈವರ್‌ನ ಕಣ್ಣಿಗೆ ಅದು ಇಲ್ಲವೇ ಇಲ್ಲ. ರೆಕಾರ್ಡಿಂಗ್ ಸಾಧನಗಳನ್ನು ತೋರಿಸುವ ‘ಎ-ರೆಕಾರ್ಡ್’ ಆಜ್ಞೆ ಕೊಡುವ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಬೇಕಾದದ್ದು 2018ರಲ್ಲಿ ಘೋಷಣೆಯಾದ ಸೌಂಡ್ ಓಪನ್ ಫರ್ಮ್‌ವೇರ್. ಆ ಪ್ಯಾಕೇಜ್ ಹಾಕದ ಕಡೆ ಧ್ವನಿಯೇ ನಿಂತಿತು. ಬೇಸತ್ತವರು ಡಿಜಿಟಲ್ ಮೈಕಿನ ಪತ್ತೆಯನ್ನೇ ಬಂದ್ ಮಾಡಿದರು. ಸ್ಪೀಕರ್ ಮರಳಿ ಬಂತು, ಒಳಗಿನ ಮೈಕು ಮಾತ್ರ ಬರಲಿಲ್ಲ. ಆಮೇಲೆ ಫೆಡೋರಾ 2021ರಲ್ಲಿ ವಿಮ್ ಟೇಮನ್ಸ್ ಅವರ ಪೈಪ್‌ವೈರ್‌ಗೆ ಹೊರಳಿತು. ಪಲ್ಸ್‌ಆಡಿಯೋದ ಕೆಲಸವನ್ನು ಅದು ವಹಿಸಿಕೊಂಡರೂ ಅಡಿಪಾಯದಲ್ಲಿ ಇರುವುದು ಆಲ್ಸಾನೇ.

ಕರ್ನಲ್ಲಿನಲ್ಲಿ ಮಾಡೆಲ್‌ಗಳ ಆ ಪಟ್ಟಿಯ ಎಷ್ಟೋ ಸಾಲುಗಳು ತಮ್ಮ ಯಂತ್ರದ ವಿವರ ಕಳಿಸಿದ ಸಾಮಾನ್ಯ ಬಳಕೆದಾರರಿಂದ ಬಂದವು. ಮ್ಯೂಟ್ ತೆಗೆದರೂ, ಫರ್ಮ್‌ವೇರ್ ಹಾಕಿದರೂ ಮೈಕು ಮಾತಾಡದಿದ್ದರೆ ಆಲ್ಸಾ-ಇನ್ಫೋ ಎಂಬ ಸ್ಕ್ರಿಪ್ಟ್ ಓಡಿಸಿ, ಬಂದ ವರದಿಯನ್ನು ನಿಮ್ಮ ಡಿಸ್ಟ್ರಿಬ್ಯೂಷನ್‌ನವರಿಗೆ ದಯವಿಟ್ಟು ಕಳಿಸಿಕೊಡಿ. ಅದೇ ಮಾಡೆಲ್ ಕೊಂಡ ಮುಂದಿನವರಿಗೆ ಆ ತೊಂದರೆ ತಪ್ಪೀತು.